ಕಳೆದುಹೋದ ನಾಯಿ ಮತ್ತು ಸಮ್ಮಾ ವಾಚಾ



ಧಮ್ಮ ಬಂಧುಗಳೇ, ಇಂದಿನ ಚಿಂತನೆ: ಸಮ್ಮಾ ವಾಚಾ, ಅಂದರೆ ಸರಿಯಾದ ಮಾತು.

ಸಾಕಿದ ನಾಯಿಯೋ ಬೆಕ್ಕೋ ಕಾಣೆಯಾದರೆ ಈಗ ಎಲ್ಲರ ಕೈ ಮೊದಲು ಹೋಗುವುದು ಮೊಬೈಲಿಗೆ. ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಿಗೆ ಫೋಟೋ ಹಾಕುತ್ತೇವೆ. ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಬರೆದದ್ದೂ ಮಾತೇ, ಅದಕ್ಕೂ ಶೀಲ ಬೇಕು. ಬುದ್ಧರು ಬಿಡಬೇಕೆಂದ ನಾಲ್ಕು ಬಗೆಯ ಮಾತುಗಳನ್ನು ಈ ಒಂದು ಸಂದೇಶಕ್ಕೆ ಹಚ್ಚಿ ನೋಡೋಣ.

*1. ಮುಸಾವಾದ (ಸುಳ್ಳು):* ಈಚಿನ ಫೋಟೋ ಹಾಕಿ. ಬಣ್ಣ, ಕೊರಳಪಟ್ಟಿ, ಕೊನೆಗೆ ಕಂಡ ಜಾಗ, ದಿನ, ಹೊತ್ತು ಇದ್ದದ್ದು ಇದ್ದಂತೆ ಬರೆಯಿರಿ. ಕೊಡಲಾಗದ ಬಹುಮಾನ ಸಾರಬೇಡಿ. ಒಂದು ಗುರುತನ್ನು ಮಾತ್ರ ಹೇಳದೆ ಉಳಿಸಿಕೊಳ್ಳಿ. ಅದು ಸುಳ್ಳಲ್ಲ, ಎಚ್ಚರ. "ನಾಯಿ ಸಿಕ್ಕಿದೆ, ಮೊದಲು ಹಣ ಹಾಕಿ" ಎನ್ನುವವರಿಗೆ ಆ ಗುರುತು ಕೇಳಿ.

*2. ಪಿಸುಣಾ ವಾಚಾ (ಚಾಡಿ):* "ಯಾರೋ ಕದ್ದೊಯ್ದಿದ್ದಾರೆ" ಎಂದು ಬರೆದರೆ ಬೆರಳು ಯಾರ ಕಡೆ ತಿರುಗುತ್ತದೆ? ಚಿಂದಿ ಆಯುವವರ ಕಡೆ, ಪೌರಕಾರ್ಮಿಕರ ಕಡೆ, ಅಲೆಮಾರಿಗಳ ಕಡೆ. ಕಾರಣವಿಲ್ಲದೆ ಅನುಮಾನಕ್ಕೆ ಗುರಿಯಾಗುವುದು ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಕಣ್ಣಾರೆ ಕಾಣದೆ "ಕಳ್ಳ" ಎಂಬ ಪದ ಬರೆಯಬೇಡಿ.

*3. ಫರುಸಾ ವಾಚಾ (ಒರಟು ಮಾತು):* ಗೇಟು ತೆರೆದಿಟ್ಟ ಮಗುವನ್ನೋ ಪಕ್ಕದ ಮನೆಯವರನ್ನೋ ಗುಂಪಿನಲ್ಲಿ ಬೈಯಬೇಡಿ. ಬೇರೆ ನಾಯಿ ನೋಡಿ ಫೋನ್ ಮಾಡಿದವರಿಗೂ ಧನ್ಯವಾದ ಹೇಳಿ. ನಾಳೆ ನಿಮ್ಮ ನಾಯಿ ಅವರ ಕಣ್ಣಿಗೇ ಬೀಳಬಹುದು.

*4. ಸಂಫಪ್ಪಲಾಪ (ಹುರುಳಿಲ್ಲದ ಮಾತು):* ತಾರೀಕು, ಊರು ಇಲ್ಲದ ಸಂದೇಶ, ನಾಯಿ ಮನೆಗೆ ಬಂದು ವರ್ಷವಾದರೂ ಸುತ್ತುತ್ತಲೇ ಇರುತ್ತದೆ. ಕಲಬುರಗಿಯಲ್ಲಿ ಕಳೆದದ್ದಕ್ಕೆ ಮೈಸೂರಿನ ಗುಂಪು ಬೇಡ. ನಿಮ್ಮ ಬಡಾವಣೆಯವರು, ಹಾಲಿನವರು, ಪೇಪರ್ ಹಾಕುವ ಹುಡುಗರು, ಪಶು ಆಸ್ಪತ್ರೆಯವರು ನೋಡಿದರೆ ಸಾಕು. ಸಂದೇಶ ಹಾಕಿ ಸುಮ್ಮನೆ ಕೂರದೆ ಓಣಿ ಓಣಿ ತಿರುಗಿ ಹೆಸರು ಹಿಡಿದು ಕರೆಯಿರಿ. ಸಿಕ್ಕ ಕೂಡಲೇ, ಹಾಕಿದಲ್ಲೆಲ್ಲ "ಸಿಕ್ಕಿತು" ಎಂದು ತಿಳಿಸಿ.

ಇನ್ನು, ದಾರಿ ತಪ್ಪಿದ ನಾಯಿ ನಮ್ಮ ಬಾಗಿಲಿಗೆ ಬಂದರೆ ಅನ್ನ ನೀರು ಕೊಟ್ಟು, ಸಾಕಿದವರನ್ನು ಹುಡುಕುವ ಸಂದೇಶ ನಾವೇ ಹಾಕಬೇಕು. ವಿಚಾರಿಸದೆ ಕಟ್ಟಿಹಾಕಿಕೊಂಡರೆ ಎರಡನೆಯ ಶೀಲ ಮುರಿದಂತೆ. ಅದು ನಮಗೆ ಕೊಟ್ಟದ್ದಲ್ಲ.

ಸರಿಯಾದ ಮಾತು ಭಯದಿಂದ ಬರಬಾರದು, ಯಾರನ್ನೋ ಮೆಚ್ಚಿಸಲೂ ಬರಬಾರದು ಎಂಬುದು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಡುವ ವಿವರಣೆಯ ಸಾರ. ವದಂತಿ ಹರಡಿದರೆ ಕೇಸು ಬೀಳುತ್ತದೆಂದು ಬಾಯಿ ಬಿಗಿಹಿಡಿಯುವುದಲ್ಲ. ನಮ್ಮ ಒಂದು ಸಾಲು ಒಂದು ಜೀವವನ್ನು ಮನೆ ಸೇರಿಸಬಹುದು, ಇನ್ನೊಂದು ಜೀವವನ್ನು ಬೀದಿಯಲ್ಲಿ ಬಲಿ ಕೊಡಬಹುದು ಎಂಬ ಅರಿವಿನಿಂದ ಬರೆಯುವುದು.

*ಇಂದಿನ ಅಭ್ಯಾಸ:* ಯಾವುದೇ ಸಂದೇಶ ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳೋಣ. ಇದು ನಿಜವೇ? ಯಾರಿಗಾದರೂ ಕೇಡಾದೀತೇ? ಮಾತು ಮೃದುವಾಗಿದೆಯೇ? ಇದರಿಂದ ಉಪಯೋಗವಿದೆಯೇ?

ಸಕಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್ 🙏