ಮೀನಿನ ಲಿವರ್ ಪ್ರಾಜೆಕ್ಟ್ ಗೆಲ್ಲಲು ಏಳು ಸೂತ್ರಗಳು

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಬೇರೆ ಬೇರೆ ಮೀನುಗಳ ಯಕೃತ್ತಿನ ಸೂಕ್ಷ್ಮರಚನೆ ಹೋಲಿಸುವ ಕೆಲಸ ಸಿಕ್ಕಿದೆಯೇ? ಬೇಜಾರಾಗಬೇಡಿ. ದುಬಾರಿ ಯಂತ್ರ ಬೇಕಿಲ್ಲ. ಶಿಸ್ತು ಬೇಕು, ಅಷ್ಟೇ.

1. ಬದುಕಿರುವ ಮೀನನ್ನೇ ತನ್ನಿ.
ಐಸ್‌ನಲ್ಲಿಟ್ಟ ಮೀನು ಸಾರಿಗೆ ಸರಿ, ಹಿಸ್ಟಾಲಜಿಗೆ ಬೇಡ. ಸತ್ತ ಕೂಡಲೇ ಲಿವರ್ ಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಎಥಿಕ್ಸ್ ಅನುಮತಿ ಮೊದಲೇ ಪಡೆಯಿರಿ. ಪಿತ್ತಕೋಶ ಒಡೆಯದಂತೆ ಕತ್ತರಿ ಆಡಿಸಿ. 5 ಮಿ.ಮೀ.ಗಿಂತ ದಪ್ಪವಿಲ್ಲದ ತುಂಡನ್ನು ಅದರ ಹತ್ತು ಪಟ್ಟಾದರೂ ಇರುವ ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ಎಲ್ಲ ಮೀನಿನಲ್ಲೂ ಒಂದೇ ಭಾಗದ ತುಂಡು!

2. ಜಾತಿ ಬಿಟ್ಟು ಉಳಿದದ್ದೆಲ್ಲ ಸಮ ಮಾಡಿ.
ಲಿಂಗ, ಗಾತ್ರ, ಋತು, ಆಹಾರ ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊಟ್ಟೆ ಕಟ್ಟುವ ಹೆಣ್ಣುಮೀನಿನಲ್ಲಿ ಈಸ್ಟ್ರೊಜನ್ ಪ್ರಭಾವದಿಂದ ಲಿವರ್ ವಿಟೆಲ್ಲೊಜೆನಿನ್ ತಯಾರಿಸುತ್ತದೆ, ಕೋಶಗಳ ರೂಪವೇ ಬದಲಾಗುತ್ತದೆ. ಮಳೆಗಾಲದ ಹೆಣ್ಣು ರೋಹುವನ್ನು ಚಳಿಗಾಲದ ಗಂಡು ತಿಲಾಪಿಯಾ ಜೊತೆ ಇಟ್ಟರೆ ನೀವು ಹೋಲಿಸುತ್ತಿರುವುದು ಜಾತಿಯನ್ನೋ, ಕಾಲವನ್ನೋ?

3. ಮನುಷ್ಯನ ಲಿವರ್ ಚಿತ್ರವನ್ನು ತಲೆಯಿಂದ ತೆಗೆಯಿರಿ.
ಆರು ಮೂಲೆಯ ಲೋಬ್ಯೂಲ್ ಹುಡುಕಬೇಡಿ, ಹೆಚ್ಚಿನ ಮೂಳೆಮೀನುಗಳಲ್ಲಿ ಅದು ಸ್ಪಷ್ಟವಾಗಿ ಕಾಣದು. ಕಾರ್ಪ್ ಮತ್ತು ತಿಲಾಪಿಯಾಗಳಲ್ಲಿ ಪೋರ್ಟಲ್ ರಕ್ತನಾಳದ ಸುತ್ತ ಮೇದೋಜೀರಕ ಗ್ರಂಥಿಯ ಕೋಶಗಳೇ ಲಿವರ್ ಒಳಗೆ ಬಂದಿರುತ್ತವೆ. ಇದೇ ಹೆಪಟೊಪ್ಯಾಂಕ್ರಿಯಾಸ್. ಕೆಂಪು ಕಣ ತುಂಬಿದ ಈ ಕೋಶಗಳನ್ನು ರೋಗವೆಂದು ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ. ಟ್ರೌಟ್ ಲಿವರ್‌ನಲ್ಲಿ ಇವು ಇರುವುದಿಲ್ಲ. ಲ್ಯಾಂಪ್ರೆ ಇನ್ನೂ ವಿಚಿತ್ರ: ಪ್ರೌಢವಾಗುವಾಗ ಪಿತ್ತಕೋಶ, ಪಿತ್ತನಾಳ ಎರಡನ್ನೂ ಕಳೆದುಕೊಳ್ಳುತ್ತದೆ!

4. ಬಿಳಿ ಗುಳ್ಳೆ ಕಂಡ ಕೂಡಲೇ 'ಡಿಜೆನರೇಷನ್' ಎನ್ನಬೇಡಿ.
ಇಡೀ ಪ್ರಾಜೆಕ್ಟ್ ನಿಲ್ಲುವುದೂ ಬೀಳುವುದೂ ಇಲ್ಲಿ. ಎಚ್ ಅಂಡ್ ಇ ಸ್ಲೈಡ್‌ನಲ್ಲಿ ಖಾಲಿ ಕಾಣುವ ಜಾಗ ನಿಜಕ್ಕೂ ಖಾಲಿಯಾಗಿರಲಿಲ್ಲ. ಪ್ಯಾರಾಫಿನ್‌ಗೆ ಹೋಗುವ ದಾರಿಯಲ್ಲಿ ಆಲ್ಕೋಹಾಲ್, ಜೈಲೀನ್ ಸೇರಿ ಅಲ್ಲಿದ್ದ ಕೊಬ್ಬನ್ನು ಕರಗಿಸಿಬಿಟ್ಟಿವೆ. ಗ್ಲೈಕೊಜನ್ ಇದ್ದ ಜಾಗವೂ ಪೇಲವವಾಗಿ ಕಾಣುತ್ತದೆ. ಊಹೆ ಬೇಡ, ಟೆಸ್ಟ್ ಮಾಡಿ. ಕೊಬ್ಬಿಗೆ ಫ್ರೋಜನ್ ಸೆಕ್ಷನ್ ತೆಗೆದು ಆಯಿಲ್ ರೆಡ್ ಓ ಹಾಕಿ. ಗ್ಲೈಕೊಜನ್‌ಗೆ ಪಿಎಎಸ್ ಹಾಕಿ, ಪಕ್ಕದ ಸೆಕ್ಷನ್‌ಗೆ ಮೊದಲು ಡಯಸ್ಟೇಸ್ ಕೊಡಿ. ಅಲ್ಲಿ ಮೆಜೆಂಟಾ ಬಣ್ಣ ಮಾಯವಾದರೆ ಅದು ಗ್ಲೈಕೊಜನ್. ಕಾಡ್ ಮತ್ತು ಶಾರ್ಕ್ ಕೊಬ್ಬನ್ನು ಲಿವರ್‌ನಲ್ಲೇ ಕೂಡಿಡುತ್ತವೆ, ನಮ್ಮ ಕರಾವಳಿಯ ಬೂತಾಯಿ ಹೆಚ್ಚಾಗಿ ಮಾಂಸದಲ್ಲಿ. ಹಾಗಾಗಿ ಕಾಡ್‌ಗೆ ಸಹಜವಾದ ಗುಳ್ಳೆ ಇನ್ನೊಂದು ಮೀನಿಗೆ ತೊಂದರೆಯ ಗುರುತಾಗಬಹುದು. ಸಾಕಿದ ಮೀನಿಗೆ ಫೀಡ್ ಜಾಸ್ತಿಯಾದರೂ ಗುಳ್ಳೆ ಹೆಚ್ಚುತ್ತದೆ. ಮಾಲಿನ್ಯದ ಮೇಲೆ ತಪ್ಪು ಹೊರಿಸುವ ಮೊದಲು ಅದರ ಊಟ ವಿಚಾರಿಸಿ.

5. ಕಂದು ಗುಂಪುಗಳನ್ನು ಕೊಳೆ ಎಂದು ಬಿಡಬೇಡಿ.
ಅವು ಮೆಲನೊಮ್ಯಾಕ್ರೊಫೇಜ್‌ಗಳಾಗಿರಬಹುದು. ವಯಸ್ಸು, ಉಪವಾಸ, ಮಾಲಿನ್ಯ ಮೂರರಿಂದಲೂ ಹೆಚ್ಚುತ್ತವೆ. ಪರ್ಲ್ಸ್ ಸ್ಟೇನ್ ಹಾಕಿ, ಕಬ್ಬಿಣಾಂಶವಿದ್ದರೆ ನೀಲಿ ಬರುತ್ತದೆ.

6. 'ನನಗೆ ಮೈಕ್ರೊಸ್ಕೋಪ್ ಬರಲ್ಲ' ಅನ್ನುವುದನ್ನು ನಿಲ್ಲಿಸಿ.
ಅದು ಬರೀ ಅಭ್ಯಾಸದ ಮಾತು. ದಿನಕ್ಕೊಂದು ಸ್ಲೈಡ್ ನೋಡಿ, ಪೆನ್ಸಿಲ್‌ನಲ್ಲಿ ಬಿಡಿಸಿ. ಕೈ ಬಿಡಿಸಿದ್ದನ್ನು ಕಣ್ಣು ಮರೆಯದು.

7. ವರ್ಣಿಸಿದ್ದು ಸಾಕು, ಅಳೆಯಿರಿ.
ಇಮೇಜ್‌ಜೆ ಸಾಫ್ಟ್‌ವೇರ್ ಉಚಿತ. ಕೋಶದ, ನ್ಯೂಕ್ಲಿಯಸ್ಸಿನ ವಿಸ್ತೀರ್ಣ ತೆಗೆಯಿರಿ. ಅಳೆಯುವಾಗ ಲೇಬಲ್ ಮುಚ್ಚಿಡಿ, ನಿಮ್ಮ ಆಸೆ ರೀಡಿಂಗ್‌ಗೆ ನುಸುಳದಿರಲಿ. ಒಂದೇ ಮೀನಿನ 100 ಕೋಶ ಅಳೆದರೂ ಲೆಕ್ಕಕ್ಕೆ ಒಂದೇ ಮೀನು. ವೈವಾದಲ್ಲಿ ಸ್ಯಾಂಪಲ್ ಸೈಜ್ ಕೇಳಿದರೆ ಮೀನಿನ ಸಂಖ್ಯೆ ಹೇಳಿ, ಕೋಶದ್ದಲ್ಲ.