ದೋಷ ಬರೆದರೆ ಬೆಲೆ ಬೀಳುವುದಿಲ್ಲ

ಹಳೆಯ ಫೋನು, ಲ್ಯಾಪ್‌ಟಾಪು ಆನ್‌ಲೈನ್ ಹರಾಜಿಗೆ ಇಡುವವರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಬ್ಯಾಟರಿ ವೀಕ್ ಅಂತ ಬರೆದರೆ ಯಾರು ತಗೋತಾರೆ ಸರ್?" ಬರೆಯಿರಿ, ಅದನ್ನು ಓದಿಯೇ ತೆಗೆದುಕೊಳ್ಳುತ್ತಾರೆ ಎನ್ನುತ್ತೇನೆ. ನಿಜ ಹೇಳುವುದು ಸರಿಯಾದ ನಡತೆ ಎಂಬುದಂತೂ ಇದ್ದೇ ಇದೆ. ದುಡ್ಡಿನ ಲೆಕ್ಕವೂ ಅದರ ಪರವಾಗಿಯೇ ಇದೆ.

ವಿದರ್ಭದ ನಮ್ಮ ಉಮರೇಡ್ ಸುತ್ತಿನ ರೈತ ಸೋಯಾಬೀನನ್ನು ಹರಾಜಿಗೆ ಒಯ್ದರೆ ವ್ಯಾಪಾರಿ ರಾಶಿಯ ಒಳಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ತೇವ ನೋಡಿ ಆಮೇಲೆ ರೇಟು ಕೂಗುತ್ತಾನೆ. ಆನ್‌ಲೈನ್‌ನಲ್ಲಿ ಬಿಡ್ ಹಾಕುವವನಿಗೆ ಆ ಅವಕಾಶವಿಲ್ಲ. ಅವನಿಗೆ ಸಿಗುವುದು ಕೆಲವು ಫೋಟೊ, ನಾವು ಬರೆದ ನಾಲ್ಕು ಸಾಲು. ನಾವು ಹೇಳದೆ ಬಿಟ್ಟದ್ದಕ್ಕೆ ಅವನೇ ಅಂದಾಜು ಹಾಕಿ, ಧಾರಾಳವಾಗಿ ಕಳೆದುಬಿಡುತ್ತಾನೆ.

ಲೆಕ್ಕ ಹಾಕಿ ನೋಡೋಣ. ಸುಸ್ಥಿತಿಯ ಲ್ಯಾಪ್‌ಟಾಪ್‌ಗೆ 18,000 ರೂಪಾಯಿ, ಮದರ್‌ಬೋರ್ಡ್ ಹೋದದ್ದಕ್ಕೆ 4,000 ಎಂದಿಟ್ಟುಕೊಳ್ಳಿ. ನಿಮ್ಮದರಲ್ಲಿ ಕೆಟ್ಟಿರುವುದು ಬ್ಯಾಟರಿ ಮಾತ್ರ. ಹೊಸದು ಹಾಕಿಸಲು 2,500. ಅದನ್ನು ಬಿಡಿಸಿ ಬರೆದರೆ ಬಿಡ್ 15,500ರ ಆಸುಪಾಸಿಗೆ ಬರಬಹುದು. ಬರೀ "ಗುಡ್ ಕಂಡೀಷನ್" ಎಂದರೆ ಕೊಳ್ಳುವವನು ಎರಡೂ ಸಾಧ್ಯತೆಗಳನ್ನು ಸಮನಾಗಿ ತೂಗಿ 11,000ಕ್ಕೇ ನಿಲ್ಲುತ್ತಾನೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ವಿವರಿಸಿದ್ದು ಇದನ್ನೇ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗದಿದ್ದರೆ ಕೊಳ್ಳುವವರು ಎಲ್ಲಕ್ಕೂ ಕಡಿಮೆ ಬೆಲೆ ಕೇಳುತ್ತಾರೆ; ಒಳ್ಳೆಯ ಮಾಲು ಇರುವವರು ಮಾರುವುದನ್ನೇ ಬಿಡುತ್ತಾರೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ಈಬೇ ಜಾಲತಾಣದ ಹಳೆಯ ಕಾರುಗಳ ಹರಾಜನ್ನು ಅಧ್ಯಯನ ಮಾಡಿದ ಗ್ರೆಗರಿ ಲೂಯಿಸ್, ಫೋಟೊ ಮತ್ತು ವಿವರಣೆಯಲ್ಲಿ ಮಾರುವವರು ಬಿಚ್ಚಿಟ್ಟ ಮಾಹಿತಿ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು 2011ರಲ್ಲಿ ತೋರಿಸಿದರು.

2000ದಲ್ಲಿ ಶುರುವಾದ ಇಲ್ಲಿನ ಹರಾಜು ತಾಣ ಬಾಜೀ ಡಾಟ್ ಕಾಮ್ ಅನ್ನು ಇದೇ ಈಬೇ 2004ರಲ್ಲಿ ಕೊಂಡು ಭಾರತಕ್ಕೆ ಬಂತು. 2018ರ ಆಗಸ್ಟ್‌ನಲ್ಲಿ ಇಲ್ಲಿನ ತಾಣ ಮುಚ್ಚಿತು. ಅದು ನಡೆಯುತ್ತಿದ್ದಾಗ ನಾನು ಉಮರೇಡ್‌ನಿಂದಲೇ ಮನೆಯ ಲ್ಯಾಪ್‌ಟಾಪ್ ಹರಾಜಿಗೆ ಇಟ್ಟಿದ್ದೆ. ಇದು ಕಲ್ಲಿದ್ದಲ ಗಣಿಯ ಊರು. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಕಪ್ಪು ದೂಳು ಗಟ್ಟಿಯಾಗಿ ಕೂತಿತ್ತು. ಬ್ರಷ್‌ನಿಂದ ತೆಗೆದೆ, ತೆಗೆಯುವ ಮೊದಲಿನ ಫೋಟೊವನ್ನೂ ಹಾಕಿದೆ. "ವಿದರ್ಭದ ಬೇಸಿಗೆ ಕಂಡ ಬ್ಯಾಟರಿ, ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ, ಎಡಗಡೆ ಹಿಂಜ್ ಸಡಿಲ, ಚಾರ್ಜರ್ ಒರಿಜಿನಲ್ ಅಲ್ಲ" ಎಂದು ಬರೆದೆ. ಅದೇ ಮಾಡೆಲ್‌ನ, ವಿವರವಿಲ್ಲದ ಬೇರೆ ಲ್ಯಾಪ್‌ಟಾಪ್‌ಗಳಿಗಿಂತ ನನ್ನದು ಹೆಚ್ಚಿಗೆ ಹೋಯಿತು. ಕೊಂಡ ಹುಬ್ಬಳ್ಳಿಯ ಹುಡುಗ ಫೋನ್ ಮಾಡಿ, "ಸರ್, ನೀವು ಬರದಂಗೇ ಐತ್ರಿ" ಎಂದ. ಮಾರಿದವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಇನ್ನೊಂದು ಕಡೆಯಲ್ಲಿ ನಿಂತೂ ನೋಡಿದ್ದೇನೆ. ಒಬ್ಬರಿಂದ ಹರಾಜಿನಲ್ಲಿ ಕೊಂಡ ಕ್ಯಾಮೆರಾದ ಬಗ್ಗೆ ಇದ್ದದ್ದು "ಚೆನ್ನಾಗಿ ಕೆಲಸ ಮಾಡುತ್ತದೆ" ಎಂಬ ಒಂದೇ ಸಾಲು. ನಾಗಪುರದ ಸೀತಾಬರ್ಡಿಯಲ್ಲಿ ರಿಪೇರಿಯವರು ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದರು: ಗಾಜಿನ ಒಳಮೈಯಲ್ಲಿ ಎಳೆ ಎಳೆಯಾಗಿ ಬಿಳಿ ಬೂಷ್ಟು. ಕ್ಯಾಮೆರಾ ಕೆಲಸ ಮಾಡುತ್ತಿತ್ತು, ಸುಳ್ಳಲ್ಲ. ಆದರೆ ಬೂಷ್ಟು ತೆಗೆಸಿದ ಖರ್ಚು ನನ್ನ ಮೇಲೆ ಬಿತ್ತು. ಅರ್ಧ ಸತ್ಯದ ಬಿಲ್ ಹೀಗೆ ಕೊಂಡವನ ಕೈಗೆ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಹಳೆಯದು, ಸ್ಪಷ್ಟವಾದದ್ದು. ವಿವರಣೆಯ ಮೇಲೆ ಮಾರಿದ ಸರಕು ವಿವರಣೆಗೆ ಹೊಂದಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್. ಬರೀ ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಾಗದಿದ್ದರೂ, ಗೊತ್ತಿದ್ದ ಸಂಗತಿಯನ್ನು ಮೋಸಗೊಳಿಸಲು ಬೇಕೆಂದೇ ಮುಚ್ಚಿಡುವುದು 1872ರ ಒಪ್ಪಂದ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವಂಚನೆ. ಆದರೆ ಕೆಲವು ಸಾವಿರದ ಫೋನಿಗಾಗಿ ಕೋರ್ಟಿಗೆ ಅಲೆಯುವವರು ಯಾರು? ಮಾರುವವನ ಮಾತೇ ಇಲ್ಲಿ ಗ್ಯಾರಂಟಿ.

ಹಾಗಾದರೆ ಏನು ಬರೆಯಬೇಕು? ಕೊಂಡ ವರ್ಷ, ಬಿಲ್ ಇದೆಯೋ ಇಲ್ಲವೋ, ಎಲ್ಲಿ ಬಿಚ್ಚಿಸಿದ್ದೀರಿ, ಯಾವ ಭಾಗ ಬದಲಾಗಿದೆ, ಹಾಕಿದ ಡಿಸ್‌ಪ್ಲೇ ಕಂಪನಿಯದೋ ಲೋಕಲ್ಲೋ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದರೆ ಅದರ ಮೂಲ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಸಿಗುತ್ತವೆ, ಅದನ್ನೇ ಹಾಕಿ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ನಂಬರು ಬರುತ್ತದೆ. ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕೊಳ್ಳುವವರು ಕೇಳಿದಾಗ ಕೊಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಅವರು ಪರೀಕ್ಷಿಸಿಕೊಳ್ಳಲಿ. ನೀವೇ ಪರೀಕ್ಷಿಸದ ಭಾಗವಿದ್ದರೆ "ಪರೀಕ್ಷಿಸಿಲ್ಲ" ಎಂದು ಬರೆಯಿರಿ. ಇದೆಲ್ಲ ಮೊದಲ ಬಿಡ್ ಬೀಳುವ ಮುನ್ನ ಆಗಬೇಕು.

ಒಬ್ಬ ಮುಚ್ಚಿಟ್ಟು ಮಾರಿದರೆ ಮೋಸಹೋದವನು ಮುಂದಿನ ಸಲ ಎಲ್ಲರ ಮೇಲೂ ಅನುಮಾನಪಟ್ಟು ಕಡಿಮೆಗೆ ಕೇಳುತ್ತಾನೆ. ಆ ನಷ್ಟ ನಾಳೆ ಪ್ರಾಮಾಣಿಕವಾಗಿ ಮಾರಲು ಬರುವ, ನಮ್ಮ ಮುಖವನ್ನೇ ನೋಡಿರದ ಒಬ್ಬರಿಗೆ ಆಗುತ್ತದೆ. ಬಿಡಿಸಿ ಬರೆದ ಪ್ರತಿಯೊಂದು ವಿವರಣೆ ಅವರ ಮಾಲಿಗೂ ಸರಿಯಾದ ಬೆಲೆ ಬರುವಂತೆ ಮಾಡುತ್ತದೆ. ನಾವು ದೋಷ ಬರೆಯಬೇಕಾದದ್ದು ನಮ್ಮ ಲಾಭಕ್ಕೆ ಮಾತ್ರವಲ್ಲ, ಅವರಿಗಾಗಿಯೂ ಹೌದು.