ತಪ್ಪಿಗೊಂದು ಸಮಯ, ಒಂದು ಜಾಗ ಇರುತ್ತದೆ

ಪ್ರಶ್ನೆ: ನನಗೆ 26 ವರ್ಷ. ಮಾನ್ವಿ ತಾಲ್ಲೂಕಿನ ರೈತರ ಮನೆಯವನು. ರಾಯಚೂರಿನ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಹತ್ತಿ, ಭತ್ತದ ವ್ಯಾಪಾರಿಗಳು ತೂಕದ ಚೀಟಿ ನಮೂದಿಸುವ ವೆಬ್ ಆ್ಯಪ್ ಅನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಸೀಸನ್‌ನಲ್ಲಿ ಸಂಜೆಯಾದರೆ ದೇವದುರ್ಗದಿಂದ, ಮಾನ್ವಿಯಿಂದ ಫೋನ್ ಶುರು: ‘ಚೀಟಿ ಸೇವ್ ಆಗವಲ್ದು, ಲಾರಿ ನಿಂತಾವ.’ ಏನಾಗಿದೆಯೋ ಗೊತ್ತಿಲ್ಲದಿದ್ದರೂ ‘ಸಾರಿ ಸರ್, ನಂದೇ ತಪ್ಪು’ ಎನ್ನುತ್ತೇನೆ. ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಪ್ರತಿ ರಿಕ್ವೆಸ್ಟಿಗೂ ಕ್ರಮಬದ್ಧವಾದ ಲಾಗ್ ಸೇರಿಸು ಎಂದು ಗೆಳೆಯ ಹೇಳಿ ಮೂರು ತಿಂಗಳಾಯಿತು. ಕೈ ಹಾಕಿಲ್ಲ. ಅದರಲ್ಲಿ ನನ್ನ ತಪ್ಪೇ ಸಾಲುಸಾಲಾಗಿ ಕಂಡರೆ ಎಂಬ ಭಯ. ರಾತ್ರಿ ಎರಡಾದರೂ ನಿದ್ದೆ ಬರುವುದಿಲ್ಲ. ಈ ಕೆಲಸಕ್ಕೆ ನಾನು ಲಾಯಕ್ಕಲ್ಲವೇ?
— ಹೆಸರು ಬೇಡ, ರಾಯಚೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನಂದೇ ತಪ್ಪು’ ಎಂಬ ಮಾತು. ಲಾರಿ ನಿಂತಿದೆ, ಹಮಾಲರು ಕಾಯುತ್ತಿದ್ದಾರೆ, ಮಾಲು ತಂದ ರೈತನಿಗೆ ಕೊನೆಯ ಬಸ್ಸಿನ ಚಿಂತೆ. ಆ ರೈತನಲ್ಲಿ ನಿಮಗೆ ನಿಮ್ಮ ಅಪ್ಪನೇ ಕಾಣುತ್ತಿರಬಹುದು. ಅಂಥ ಹೊತ್ತಿನಲ್ಲಿ ತಪ್ಪನ್ನು ಮೈಮೇಲೆ ಎಳೆದುಕೊಂಡರೆ ಎದುರಿನವರ ಸಿಟ್ಟು ಬೇಗ ಇಳಿಯುತ್ತದೆ. ಫೋನ್ ಇಟ್ಟ ಮೇಲೆ ಭಾರ ಮಾತ್ರ ನಿಮ್ಮಲ್ಲೇ ಉಳಿಯುತ್ತದೆ. ನಿದ್ದೆ ಬಾರದಿರುವುದು ಆ ಭಾರದಿಂದ. ಇದು ದೌರ್ಬಲ್ಯವೆಂದು ತಿಳಿಯಬೇಡಿ. ಶಾಲೆಯ, ಆಸ್ಪತ್ರೆಯ, ಸಹಕಾರ ಸಂಘದ ಕಂಪ್ಯೂಟರ್ ವ್ಯವಸ್ಥೆಯನ್ನು ಒಬ್ಬರೇ ಹೊತ್ತಿರುವ ಎಷ್ಟೋ ಜನ ಇದನ್ನು ಓದುತ್ತಾ ತಲೆಯಾಡಿಸುತ್ತಿರಬಹುದು.

ಲಾಯಕ್ಕೋ ಅಲ್ಲವೋ ಎಂದು ಕೇಳಿದ್ದೀರಿ. ಒಂದೇ ಒಂದು ಸಾಕ್ಷಿಯೂ ಇಲ್ಲದೆ ನಿಮ್ಮ ಮೇಲೆ ನೀವೇ ತೀರ್ಪು ಬರೆದುಕೊಂಡಿದ್ದೀರಿ ಎಂಬುದಷ್ಟೇ ನನಗೆ ಕಾಣುತ್ತದೆ.

ನೀವು ಮಾನ್ವಿಯವರು. ತುಂಗಭದ್ರಾ ಎಡದಂಡೆ ಕಾಲುವೆಯ ಮಾತು ಬಂದಾಗ ‘69ನೇ ಮೈಲಿನಲ್ಲಿ ಎಷ್ಟು ಅಡಿ, 104ರಲ್ಲಿ ಎಷ್ಟು ಅಡಿ’ ಎಂದು ಮನೆಯ ಹಿರಿಯರು ಕೇಳುವುದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕೊನೆಯ ಭಾಗದ ಹೊಲಕ್ಕೆ ನೀರು ಬರಲಿಲ್ಲವೆಂದರೆ ಆ ಹೊಲದವನದೇ ತಪ್ಪು ಎಂದು ಯಾರೂ ಹೇಳುವುದಿಲ್ಲ. ಒಂದೊಂದೇ ಗೇಜ್ ನೋಡುತ್ತಾ ಹೋಗುತ್ತಾರೆ. ಎಲ್ಲಿಯವರೆಗೆ ನೀರಿತ್ತು, ಎಲ್ಲಿಂದ ಕಡಿಮೆಯಾಯಿತು ಎಂಬುದು ಅದರಲ್ಲಿ ತಿಳಿಯುತ್ತದೆ. ದೇವದುರ್ಗದ ವ್ಯಾಪಾರಿ ಒತ್ತಿದ ಬಟನ್ ಕೂಡ ಹೀಗೆಯೇ ದೂರ ಹರಿಯಬೇಕು: ಫೋನ್, ಟವರ್, ಸರ್ವರಿನ ಬಾಗಿಲು ಕಾಯುವ ಎಂಜಿನ್‌ಎಕ್ಸ್, ನಿಮ್ಮ ಆ್ಯಪ್, ಕೊನೆಗೆ ಡೇಟಾಬೇಸ್. ನೀವು ಕಾಲುವೆಯ ಕೊನೆಯಲ್ಲಿ ನಿಂತು ಇಡೀ ಕಾಲುವೆಯ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದೀರಿ. ನಿಮ್ಮ ಗೆಳೆಯ ಹೇಳಿದ ಲಾಗ್ ಎಂದರೆ ನಡುನಡುವೆ ನೆಡುವ ಗೇಜ್.

ನಿಮ್ಮ ಭಯಕ್ಕೂ ನೇರವಾಗಿ ಉತ್ತರಿಸುತ್ತೇನೆ. ಹೌದು, ಲಾಗ್‌ನಲ್ಲಿ ಕೆಲವೊಮ್ಮೆ ನಿಮ್ಮ ತಪ್ಪೇ ಸಿಗುತ್ತದೆ. ಆದರೆ ಅದು ಇಂಥ ದಿನ, ಇಂಥ ಹೊತ್ತು, ಇಂಥ ಪುಟದಲ್ಲಿ ಎಂದು ಸಿಗುತ್ತದೆ. ಹಾಗೆ ಸಿಕ್ಕ ತಪ್ಪು ಚಿಕ್ಕದು, ತಿದ್ದಬಹುದಾದದ್ದು. ನಿಮ್ಮನ್ನು ರಾತ್ರಿ ಕಾಡುವ ಅಪರಾಧಿ ಭಾವಕ್ಕೆ ಸಮಯವೂ ಇಲ್ಲ, ಜಾಗವೂ ಇಲ್ಲ. ಅದಕ್ಕೇ ಅದು ಅಷ್ಟು ದೊಡ್ಡದಾಗಿ ಕಾಣುತ್ತದೆ.

ಈಗ ನಿಧಾನವಾಗಿ ಕೆಲವು ಹೆಜ್ಜೆ ಇಡೋಣ.

ಮೊದಲನೆಯದು, ಒಂದು ರಿಕ್ವೆಸ್ಟಿಗೆ ಒಂದು ಸಾಲು. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯ ಕಿರ್ದಿ ಪುಸ್ತಕ ನೆನೆಸಿಕೊಳ್ಳಿ. ತಾರೀಖಿನ ಮನೆಯಲ್ಲಿ ತಾರೀಖು, ಮೊತ್ತದ ಮನೆಯಲ್ಲಿ ಮೊತ್ತ. ಹಾಗೆಯೇ ಸಮಯ, ವಿಧಾನ (ಮೆಥಡ್), ದಾರಿ (ಪಾತ್), ಸ್ಟೇಟಸ್ ಕೋಡ್, ತೆಗೆದುಕೊಂಡ ಮಿಲಿಸೆಕೆಂಡು, ಇವು ಪ್ರತಿ ಸಾಲಿನಲ್ಲೂ ಅದೇ ಹೆಸರಿನ ಮನೆಯಲ್ಲಿ ಜೇಸನ್ ರೂಪದಲ್ಲಿ ಕೂರಲಿ. ಅಲ್ಲಲ್ಲಿ ಪ್ರಿಂಟ್ ಸಾಲು ಚೆಲ್ಲಬೇಡಿ. ಎಲ್ಲ ರಿಕ್ವೆಸ್ಟೂ ಹಾದುಹೋಗುವ ಮಿಡಲ್‌ವೇರ್‌ನಲ್ಲಿ ಒಂದೇ ಕಡೆ ಬರೆಯಿರಿ. ಕೆಲಸ ಕೆಟ್ಟರೂ ಆ ಸಾಲು ಬಿದ್ದೇ ಬೀಳುವಂತೆ ನೋಡಿಕೊಳ್ಳಿ. ನೋಡ್ ಬಳಸುವವರಿಗೆ ಪಿನೋ, ಪೈಥಾನ್‌ನವರಿಗೆ ಸ್ಟ್ರಕ್ಟ್‌ಲಾಗ್ ಇವೆ. ಗೋ ಭಾಷೆಯಲ್ಲಂತೂ 2023ರ 1.21 ಆವೃತ್ತಿಯಿಂದ ಎಸ್‌ಲಾಗ್ ಜೊತೆಗೇ ಬರುತ್ತದೆ.

ಆಮೇಲೆ ಸಾಲುಗಳು ತಾವೇ ಮಾತಾಡುತ್ತವೆ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ 504 ಇದ್ದರೆ ನಿಮ್ಮ ಆ್ಯಪ್ ಸಮಯಕ್ಕೆ ಉತ್ತರ ಕೊಟ್ಟಿಲ್ಲ ಎಂದರ್ಥ. ನೀವೇ ಬದಲಿಸಿರದಿದ್ದರೆ ಎಂಜಿನ್‌ಎಕ್ಸ್ ಕಾಯುವುದು 60 ಸೆಕೆಂಡು. 499 ಇದ್ದರೆ ಉತ್ತರ ಹೊರಡುವ ಮೊದಲೇ ಆ ಕಡೆಯಿಂದ ಸಂಪರ್ಕ ಕಡಿದಿದೆ. ಆಗ ಅವಧಿಯ ಮನೆ ನೋಡಿ. ಅರ್ಧ ಸೆಕೆಂಡಿಗೇ ಕಡಿದಿದ್ದರೆ ನೆಟ್‌ವರ್ಕ್ ಮೇಲೆ ಅನುಮಾನ ಪಡಿ. 40 ಸೆಕೆಂಡು ಕಾದು ಕಡಿದಿದ್ದರೆ ಆ್ಯಪ್ ನಿಧಾನವಾಗಿ ವ್ಯಾಪಾರಿ ಬೇಸತ್ತಿರಬೇಕು. ಫೋನ್ ಬಂದ ಹೊತ್ತಿನಲ್ಲಿ ಅವರ ಒಂದು ಸಾಲೂ ಇಲ್ಲದಿದ್ದರೆ ರಿಕ್ವೆಸ್ಟ್ ನಿಮ್ಮ ಬಾಗಿಲಿಗೇ ಬಂದಿರಲಾರದು.

ಎರಡನೆಯದು, ಪ್ರತಿ ರಿಕ್ವೆಸ್ಟಿಗೂ ಒಂದು ಗುರುತಿನ ಸಂಖ್ಯೆ. ನಮ್ಮ ಜಿಲ್ಲೆಯ ಮಸ್ಕಿ ಶಾಸನ ನಿಮಗೆ ಗೊತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಶಾಸನಗಳು ದೇಶದ ನಾನಾ ಕಡೆ ಅದಕ್ಕೂ ಮೊದಲೇ ಸಿಕ್ಕಿದ್ದವು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯ ಮೇಲೆ ಆ ಬಿರುದಿನ ಜೊತೆಗೇ ‘ಅಶೋಕ’ ಎಂಬ ಹೆಸರೂ ಇತ್ತು. ಚದುರಿದ ಬರಹಗಳೆಲ್ಲ ಒಬ್ಬನೇ ಅರಸನವು ಎಂದು ಗಟ್ಟಿಯಾಗಿ ಹೇಳಲು ಆ ಒಂದು ಹೆಸರು ಆಧಾರವಾಯಿತು. ಹಾಗೆಯೇ ಎಂಜಿನ್‌ಎಕ್ಸ್ ಲಾಗ್, ಆ್ಯಪ್ ಲಾಗ್, ಡೇಟಾಬೇಸಿನ ಎರರ್ ಮೂರರಲ್ಲೂ ಒಂದೇ ಸಂಖ್ಯೆ ಇದ್ದರೆ ಅವು ಒಂದೇ ಘಟನೆಯ ಮೂರು ಸಾಕ್ಷಿಗಳಾಗುತ್ತವೆ. ಆ ಸಂಖ್ಯೆ ಬಳಕೆದಾರರ ಪರದೆಯ ಮೇಲೂ ಕಾಣಲಿ.

ಮೂರನೆಯದು, ಏನನ್ನು ಬರೆಯಬಾರದು. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ರೈತರ ಬ್ಯಾಂಕ್ ಖಾತೆ ಲಾಗ್‌ಗೆ ಹೋಗಕೂಡದು. 2018ರ ಮೇ ತಿಂಗಳಲ್ಲಿ ಟ್ವಿಟರ್, ಪಾಸ್‌ವರ್ಡ್‌ಗಳು ತನ್ನ ಒಳಗಿನ ಲಾಗ್‌ನಲ್ಲಿ ಮರೆಮಾಚದೆ ದಾಖಲಾಗಿದ್ದವು ಎಂದು ಹೇಳಿ, ಪಾಸ್‌ವರ್ಡ್ ಬದಲಿಸುವಂತೆ ತನ್ನ ಬಳಕೆದಾರರಿಗೆ ಸೂಚಿಸಬೇಕಾಯಿತು. ಅಷ್ಟು ದೊಡ್ಡ ತಂಡಕ್ಕೂ ಇಂಥದ್ದು ಆಗುತ್ತದೆ ಎಂಬುದನ್ನು ಎಚ್ಚರಿಕೆಯಾಗಿಯೂ ಸಮಾಧಾನವಾಗಿಯೂ ಇಟ್ಟುಕೊಳ್ಳಿ.

ನಾಲ್ಕನೆಯದು, ಲಾಗ್ ಬೆಳೆದು ಡಿಸ್ಕ್ ತುಂಬಿದರೆ ಅದೇ ಸರ್ವರನ್ನು ನಿಲ್ಲಿಸೀತು. ಲಾಗ್‌ರೊಟೇಟ್ ಹಾಕಿ, ಹಳೆಯದನ್ನು ಕುಗ್ಗಿಸಿ ಬೇರೆ ಕಡೆ ಇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನ 180 ದಿನಗಳ ಲಾಗ್ ಕಾಪಾಡಬೇಕೆನ್ನುತ್ತದೆ. ಈ ವಿಷಯವನ್ನು ಕಂಪನಿಯ ಹಿರಿಯರ ಗಮನಕ್ಕೆ ತನ್ನಿ.

ಇಷ್ಟನ್ನೂ ಒಂದೇ ರಾತ್ರಿ ಮಾಡಲು ಕೂರಬೇಡಿ. ಈ ವಾರ ತೂಕದ ಚೀಟಿ ಉಳಿಸುವ ಒಂದೇ ದಾರಿಗೆ ಲಾಗ್ ಹಾಕಿ. ಅದನ್ನು ಬೆಳಿಗ್ಗೆ ಚಹಾ ಕುಡಿದ ಮೇಲೆ ಹದಿನೈದು ನಿಮಿಷ ನೋಡಿ. ರಾತ್ರಿ ನೋಡಬೇಡಿ, ದಣಿದ ಕಣ್ಣಿಗೆ ಪ್ರತಿ ಎರರೂ ಆರೋಪವಾಗಿ ಕಾಣುತ್ತದೆ. ಎರಡು ವಾರದ ನಂತರ ಆ ಸಾಲುಗಳನ್ನು ಹಿಡಿದು ಮಾಲೀಕರ ಬಳಿ ಮಾತಾಡಿ. ಅವರೂ ವ್ಯಾಪಾರಿಗಳಿಂದ ಬೈಸಿಕೊಂಡಿರುತ್ತಾರೆ, ಅವರಿಗೂ ಕಾರಣ ಬೇಕಾಗಿದೆ. ಸೀಸನ್ ಮುಗಿಯುವವರೆಗಾದರೂ ರಾತ್ರಿಯ ಫೋನ್ ಹಂಚಿಕೊಳ್ಳಲು ಇನ್ನೊಬ್ಬರು ಬೇಕು ಎಂದು ಕೇಳಿ. ಅದು ನ್ಯಾಯವಾದ ಬೇಡಿಕೆ.

ಲಾಗ್ ಸರಿಹೋದರೂ ನಿದ್ದೆ ಮರಳದಿದ್ದರೆ, ಊಟ ರುಚಿಸದಿದ್ದರೆ, ನಾನು ಯಾತಕ್ಕೂ ಬೇಡ ಎಂಬ ಯೋಚನೆ ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ, ಉಚಿತವಾಗಿ ಆಪ್ತಸಲಹೆಗಾರರು ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಮುಂದಿನ ಸಲ ದೇವದುರ್ಗದಿಂದ ಫೋನ್ ಬಂದಾಗ ‘ಸಾರಿ ಸರ್, ನಂದೇ ತಪ್ಪು’ ಎಂಬ ಮಾತು ಬಾಯಿಗೆ ಬರುತ್ತದೆ, ಅಭ್ಯಾಸವಾಗಿದೆ. ಒಂದು ಉಸಿರು ತೆಗೆದುಕೊಂಡು ಹೀಗೆ ಹೇಳಿ ನೋಡಿ: ‘ತೊಂದರೆ ಆಗೇದ ಸರ್, ತಿಳೀತು. ಪರದೆ ಮ್ಯಾಲ ಒಂದು ನಂಬರ್ ಬಂದಿರ್ತದ, ಅದನ್ನ ಓದ್ರಿ. ನೋಡಿ ಹೇಳ್ತೀನಿ.’